ಬೇಕಾದ ದಿನವೇ ಜನರೇಟರ್ ಏಕೆ ಕೈಕೊಡುತ್ತದೆ?

ಪ್ರಶ್ನೆ: ನಮ್ಮಲ್ಲಿ ಪೆಟ್ರೋಲಿನ ಸಣ್ಣ ಜನರೇಟರ್ ಇದೆ. ಬಳಸುವುದು ಅಪರೂಪ. ಕರೆಂಟ್ ಹೋದ ದಿನ ಎಷ್ಟು ಸಲ ಹಗ್ಗ ಎಳೆದರೂ ಸ್ಟಾರ್ಟ್ ಆಗುವುದಿಲ್ಲ. ಇಷ್ಟು ಕಡಿಮೆ ಓಡಿದ ಯಂತ್ರ ಹೀಗೇಕೆ ಮಾಡುತ್ತದೆ? ಅಪಾಯವಿಲ್ಲದೆ ನಾವೇ ಏನೇನು ನೋಡಿಕೊಳ್ಳಬಹುದು?

ಉತ್ತರ: ಕಡಿಮೆ ಓಡಿದ್ದೇ ಕಾರಣ. ಇಂಥ ಯಂತ್ರಗಳು ದುಡಿದು ಕೆಡುವುದಕ್ಕಿಂತ ಸುಮ್ಮನೆ ನಿಂತು ಕೆಡುವುದೇ ಹೆಚ್ಚು. ಮೊದಲ ಅನುಮಾನ ಒಳಗೆ ಉಳಿದ ಹಳೆಯ ಪೆಟ್ರೋಲಿನ ಮೇಲಿರಲಿ.

ಪೆಟ್ರೋಲ್ ತಿಂಗಳುಗಟ್ಟಲೆ ನಿಂತರೆ ಅದರಲ್ಲಿ ಬೇಗ ಹೊತ್ತಿಕೊಳ್ಳುವ ಅಂಶಗಳು ಆರಿಹೋಗುತ್ತವೆ, ಉಳಿದದ್ದು ಅಂಟಂಟಾಗುತ್ತದೆ. ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್‌ಗೆ ಕಳಿಸುವ ಭಾಗ ಕಾರ್ಬ್ಯುರೇಟರ್. ಅದರೊಳಗೆ ಪೆಟ್ರೋಲ್ ಹಾಯುವ ಜೆಟ್ ಎಂಬ ಪುಟ್ಟ ತುಂಡಿನ ರಂಧ್ರ ಒಂದು ಮಿಲಿಮೀಟರಿಗಿಂತಲೂ ಚಿಕ್ಕದು. ಅದು ಮುಚ್ಚಿಕೊಳ್ಳಲು ಸ್ವಲ್ಪ ಅಂಟು ಸಾಕು. ಎಥನಾಲ್ ಬೆರೆತ ಪೆಟ್ರೋಲಾದರೆ ಗಾಳಿಯ ತೇವವನ್ನೂ ಹೀರಿಕೊಳ್ಳುತ್ತದೆ. ನೀರು ಹೆಚ್ಚಾದಾಗ ಎಥನಾಲ್ ಅದರ ಜೊತೆ ಸೇರಿ ತಳಕ್ಕಿಳಿಯುತ್ತದೆ. ಎಂಜಿನ್‌ಗೆ ಮೊದಲು ಹೋಗುವುದು ಆ ತಳದ್ದೇ.

ಆದ್ದರಿಂದ ಒಂದು ತಿಂಗಳಿಗಿಂತ ಹೆಚ್ಚು ಕಾಲ ಎತ್ತಿಡುವುದಿದ್ದರೆ ಟ್ಯಾಂಕ್ ಖಾಲಿ ಮಾಡಿ. ಆಮೇಲೆ ಕಾರ್ಬ್ಯುರೇಟರಿನ ತಳದ ಬಟ್ಟಲಿನಲ್ಲಿರುವ ಡ್ರೈನ್ ಸ್ಕ್ರೂ ಸಡಿಲಿಸಿ ಅಲ್ಲಿರುವುದನ್ನೂ ಇಳಿಸಿ. ಬಹಳಷ್ಟು ಜನ ಟ್ಯಾಂಕ್ ಮಾತ್ರ ಖಾಲಿ ಮಾಡಿ ಇದನ್ನು ಮರೆಯುತ್ತಾರೆ. ಮರುದಿನವೇ ಬೇಕಾಗಬಹುದು ಎಂದು ಟ್ಯಾಂಕ್ ತುಂಬಿಡುವವರು ಪೆಟ್ರೋಲ್ ಬೇಗ ಕೆಡದಂತೆ ತಡೆಯುವ ಫ್ಯೂಯೆಲ್ ಸ್ಟೆಬಿಲೈಸರ್ ಬೆರೆಸಿ ಕೆಲವು ನಿಮಿಷ ಓಡಿಸಬೇಕು, ಅದು ಕಾರ್ಬ್ಯುರೇಟರಿನವರೆಗೂ ತಲುಪಲಿ. ಈಗಾಗಲೇ ಹಾಳಾದ ಪೆಟ್ರೋಲಿಗೆ ಇದನ್ನು ಸುರಿದು ಫಲವಿಲ್ಲ.

ಕಾರ್ಬ್ಯುರೇಟರ್ ಬಿಚ್ಚುವ ಮೊದಲು ಒಮ್ಮೆ ಆಯಿಲ್ ನೋಡಿ. ಅನೇಕ ಮಾಡೆಲ್‌ಗಳಲ್ಲಿ ಆಯಿಲ್ ಕಡಿಮೆಯಾದರೆ ಸೆನ್ಸರ್ ಕಿಡಿಯನ್ನೇ ತಡೆಯುತ್ತದೆ. ಎಂಜಿನ್ ಒಳಗೇ ಬಿಗಿದುಕೊಂಡು ಸೀಜ್ ಆಗದಿರಲಿ ಎಂದು ಮಾಡಿದ ವ್ಯವಸ್ಥೆ ಅದು. ಯಂತ್ರ ಓರೆಯಾಗಿ ನಿಂತಿದ್ದರೂ ಹೀಗಾಗುತ್ತದೆ. ಸಮತಟ್ಟಾದ ಜಾಗದಲ್ಲಿಟ್ಟು ಅಳತೆ ಕಡ್ಡಿ ನೋಡಿ. ಹೊಸ ಯಂತ್ರವಾದರೆ ಮೊದಲ 20 ಗಂಟೆಯ ಸುಮಾರಿಗೆ ಆಯಿಲ್ ಬದಲಿಸುವುದು ವಾಡಿಕೆ, ಮುಂದಿನ ಲೆಕ್ಕ ಕೈಪಿಡಿಯಲ್ಲಿರುತ್ತದೆ. ಫೋಮ್ ಏರ್ ಫಿಲ್ಟರ್ ಕೊಳೆಯಾಗಿದ್ದರೆ ಸೋಪಿನ ನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿ, ಕೆಲವು ಹನಿ ಆಯಿಲ್ ಹಾಕಿ ಹಿಂಡಿ ಕೂರಿಸಿ. ಪೇಪರ್ ಫಿಲ್ಟರ್ ತೊಳೆಯಬಾರದು.

ಇವೆಲ್ಲ ಎಂಜಿನ್ ತಣ್ಣಗಿದ್ದಾಗ, ಬಯಲಿನಲ್ಲಿ, ಸ್ಪಾರ್ಕ್ ಪ್ಲಗ್‌ನ ಕ್ಯಾಪ್ ಕಿತ್ತಿಟ್ಟು ಮಾಡುವ ಕೆಲಸಗಳು. ಪೆಟ್ರೋಲಿನ ಆವಿ ಕೊರೆಯುವ ಚಳಿಯಲ್ಲೂ ಹೊತ್ತಿಕೊಳ್ಳುತ್ತದೆ. ಬಿಸಿ ಸೈಲೆನ್ಸರ್ ಪಕ್ಕದಲ್ಲೇ ಪೆಟ್ರೋಲ್ ತುಂಬುವುದು ಧೈರ್ಯವಲ್ಲ, ಅವಿವೇಕ. ಎಂಜಿನ್ ನಿಲ್ಲಿಸಿ, ಪೂರ್ತಿ ಆರಿದ ಮೇಲೆ ತುಂಬಿ.

ತಿಂಗಳಿಗೊಮ್ಮೆ ಕಾಲು ಗಂಟೆ ಓಡಿಸುವ ಅಭ್ಯಾಸ ಒಳ್ಳೆಯದು. ಆದರೆ ಅಪಾಯ ಎದುರಾಗುವುದೂ ಇಲ್ಲೇ. ‘ಒಂದೇ ನಿಮಿಷ’ ಎಂದು ಗ್ಯಾರೇಜಿನೊಳಗೆ, ಬಾಲ್ಕನಿಯಲ್ಲಿ ಸ್ಟಾರ್ಟ್ ಮಾಡಬೇಡಿ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೊಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಇದನ್ನು ಹಿಡಿದುಕೊಳ್ಳುತ್ತದೆ. ಬಾಗಿಲು ತೆರೆದಿಟ್ಟರೆ ಸಾಲದು. ಕಿಟಕಿ, ಬಾಗಿಲುಗಳಿಂದ ಕನಿಷ್ಠ 6 ಮೀಟರ್ ದೂರದಲ್ಲಿ, ಹೊಗೆ ಕೊಳವೆ ಮನೆಗೆ ಬೆನ್ನು ಮಾಡಿರುವಂತೆ ಇಡಿ. ತಲೆನೋವು, ತಲೆಸುತ್ತು, ವಾಕರಿಕೆ ಕಂಡರೆ ಮೊದಲು ಎಲ್ಲರೂ ಹೊರಗೆ ಬಂದು, ತಕ್ಷಣ ವೈದ್ಯಕೀಯ ನೆರವು ಪಡೆಯಿರಿ.

ಸ್ಟಾರ್ಟ್ ಮಾಡುವಾಗ ಏನನ್ನೂ ಜೋಡಿಸಬೇಡಿ. ಎಂಜಿನ್ ಹದಕ್ಕೆ ಬಂದ ಮೇಲೆ ಒಂದೆರಡು ಉಪಕರಣ ಹಾಕಿ ಲೋಡ್ ಕೊಡಿ. ಕರೆಂಟ್ ಬರುತ್ತಿದೆಯೇ ಎಂಬುದೂ ತಿಳಿಯುತ್ತದೆ. ಆದರೆ ಜನರೇಟರಿನ ವೈರನ್ನು ಗೋಡೆಯ ಸಾಕೆಟ್‌ಗೆ ಎಂದೂ ಚುಚ್ಚಬೇಡಿ. ಕರೆಂಟ್ ಹಿಂದಕ್ಕೆ ಹರಿದು, ಹೊರಗೆ ಲೈನ್ ರಿಪೇರಿ ಮಾಡುತ್ತಿರುವವರ ಜೀವ ತೆಗೆಯಬಹುದು. ಇಡೀ ಮನೆಗೆ ಕೊಡಬೇಕಿದ್ದರೆ ಹೊರಗಿನ ಲೈನ್, ಜನರೇಟರ್ ಎರಡರಲ್ಲಿ ಒಂದನ್ನೇ ಮನೆಗೆ ಜೋಡಿಸುವ ಚೇಂಜ್‌ಓವರ್ ಸ್ವಿಚ್ಚನ್ನು ಎಲೆಕ್ಟ್ರಿಷಿಯನ್ ಕೈಯಲ್ಲಿ ಹಾಕಿಸಿ.

ಹೊಸ ಪೆಟ್ರೋಲ್, ಸರಿಯಾದ ಆಯಿಲ್, ಶುಚಿಯಾದ ಸ್ಪಾರ್ಕ್ ಪ್ಲಗ್ ಇದ್ದೂ ಸ್ಟಾರ್ಟ್ ಆಗದಿದ್ದರೆ ಜೆಟ್ ಕಟ್ಟಿಕೊಂಡಿರಬಹುದು, ಮೆಕ್ಯಾನಿಕ್‌ಗೆ ತೋರಿಸಿ. ಎಂಜಿನ್ ಓಡುತ್ತಿದ್ದೂ ಕರೆಂಟ್ ಬಾರದಿದ್ದರೆ ಅದು ಕರೆಂಟ್ ತಯಾರಿಸುವ ಭಾಗದ, ಅಂದರೆ ಆಲ್ಟರ್ನೇಟರ್ ಕಡೆಯ ತೊಂದರೆ. ಆ ಭಾಗವನ್ನು ನೀವೇ ಬಿಚ್ಚಬೇಡಿ.