ಮರದ ಕಿವಿ, ಮೊಲದ ಕಿವಿ: ಒಪಿಸ್ತೊಕಾಂಟ್ ಅಂದರೆ ಏನು?

ಮಳೆ ಬಿದ್ದ ಮೇಲೆ ಸತ್ತ ಕೊಂಬೆಗಳಲ್ಲಿ ಕಂದು ಬಣ್ಣದ, ಲೊಳಲೊಳ ಅನ್ನುವ ಒಂದು ಅಣಬೆ ಏಳುತ್ತದೆ. ಥೇಟ್ ಕಿವಿಯ ಹಾಗೆ. ಇದು ಜೆಲ್ಲಿ ಅಣಬೆಗಳಲ್ಲಿ ಒಂದು, ಹೆಸರು ಆರಿಕ್ಯುಲೇರಿಯಾ. ಲ್ಯಾಟಿನ್‌ನಲ್ಲಿ ಆರಿಕುಲ ಅಂದರೆ ಪುಟ್ಟ ಕಿವಿ. ಅದೇ ಮರದ ಆಚೆ ಯುರೋಪಿನ ಕಂದು ಕಾಡುಮೊಲ ಹುಲ್ಲು ಮೇಯುತ್ತಿದೆ ಅಂದುಕೊಳ್ಳಿ. ಮರ, ಅಣಬೆ, ಮೊಲ. ಈ ಮೂರರಲ್ಲಿ ಹತ್ತಿರದ ನೆಂಟರು ಯಾರು?

ಮರ ಮತ್ತು ಅಣಬೆ ಅಂತ ಅನಿಸುತ್ತದೆ, ಅಲ್ವಾ? ಜೀವಿಗಳಿಗೆ ಹೆಸರಿಟ್ಟು ವಿಂಗಡಿಸಿದ ವಿಜ್ಞಾನಿ ಲಿನೇಯಸ್ ಕೂಡ 1753ರಲ್ಲಿ ಈ ಅಣಬೆಯನ್ನು ಗಿಡಗಳ ಜೊತೆಗೇ ಸೇರಿಸಿದ್ದ. ಆದರೆ ನಿಜವಾದ ನೆಂಟರು ಅಣಬೆ ಮತ್ತು ಮೊಲ. ಪ್ರೊಟೀನ್‌ಗಳನ್ನು ಹೋಲಿಸಿ ನೋಡಿದ ಸಂಶೋಧಕರು 1993ರಲ್ಲಿ ಇದನ್ನು ತೋರಿಸಿದರು. ಪ್ರಾಣಿಗಳೂ ಶಿಲೀಂಧ್ರಗಳೂ (ಅಂದರೆ ಅಣಬೆ, ಬೂಸ್ಟಿನಂಥವು) ಸೇರಿದ ಈ ದೊಡ್ಡ ಕುಲಕ್ಕೆ ಒಪಿಸ್ತೊಕಾಂಟ್ ಎಂದು ಹೆಸರು.

ಗ್ರೀಕ್ ಮೂಲದ ಪದ ಇದು. ಒಪಿಸ್ತೆನ್ ಅಂದರೆ ಹಿಂದೆ, ಕೊಂಟೊಸ್ ಅಂದರೆ ದೋಣಿ ತಳ್ಳುವ ಗಳು. ಈ ಕುಲದಲ್ಲಿ ಈಜುವ ಜೀವಕೋಶ ಇದ್ದರೆ ಅದರ ಬಾಲ ಹಿಂದಿರುತ್ತದೆ, ಕೋಶವನ್ನು ಹಿಂದಿನಿಂದ ತಳ್ಳುತ್ತದೆ. ಗಂಡು ಮೊಲದ ವೀರ್ಯಾಣು ಹೀಗೇ ಈಜುತ್ತದೆ. ನೀರಲ್ಲಿ ಬದುಕುವ ಕೆಲವು ಶಿಲೀಂಧ್ರಗಳ ಬೀಜಕಣವೂ ಹಾಗೆಯೇ. ನಮ್ಮ ಕಿವಿ ಅಣಬೆ ಮಾತ್ರ ಆ ಬಾಲವನ್ನು ಎಂದೋ ಕಳೆದುಕೊಂಡಿದೆ. ಅದರ ಬೀಜಕಣ ಗಾಳಿಯಲ್ಲಿ ಹೋಗುತ್ತದೆ.

ಇನ್ನೊಂದು ಗುರುತು ಉಳಿದಿದೆ. ಗಿಡಗಳು ಶಕ್ತಿಯನ್ನು ಪಿಷ್ಟವಾಗಿ ಕೂಡಿಡುತ್ತವೆ. ಅಣಬೆ ಮತ್ತು ಮೊಲ ಎರಡೂ ಗ್ಲೈಕೋಜನ್ ಆಗಿ ಕೂಡಿಡುತ್ತವೆ.

ನೆಂಟರಾದರೂ ಬದುಕು ಬೇರೆ. ಮೊಲ ಗಂಟೆಗೆ ಸುಮಾರು 70 ಕಿ.ಮೀ. ವೇಗದಲ್ಲಿ ಓಡಬಲ್ಲದು. ಅಣಬೆ ಕೂತಲ್ಲೇ ಬಿಸಿಲಿಗೆ ಒಣಗಿ ಗಟ್ಟಿಯಾಗಿ, ಮುಂದಿನ ಮಳೆಗೆ ಮತ್ತೆ ಉಬ್ಬಿ ಬೀಜಕಣ ಉದುರಿಸುತ್ತದೆ. ನನಗೆ ಜಾಸ್ತಿ ಇಷ್ಟವಾಗುವುದು ಇವುಗಳ ಊಟದ ವಿಷಯ. ಬಿಸಿಲಿನಿಂದ ಆಹಾರ ಮಾಡಿಕೊಳ್ಳಲು ಎರಡಕ್ಕೂ ಬರುವುದಿಲ್ಲ, ಎರಡೂ ಗಿಡಮರಗಳನ್ನೇ ನಂಬಿವೆ. ಅಣಬೆ ತನ್ನದೇ ಕಿಣ್ವ ಸುರಿಸಿ ಗಟ್ಟಿ ಮರವನ್ನೂ ಕರಗಿಸಿ ಹೀರುತ್ತದೆ. ಮೊಲಕ್ಕೆ ಹುಲ್ಲಿನ ನಾರನ್ನು ಒಡೆಯುವ ಕಿಣ್ವವೇ ಇಲ್ಲ. ಆ ಕೆಲಸ ಅದರ ಹೊಟ್ಟೆಯೊಳಗಿನ ಸೂಕ್ಷ್ಮಜೀವಿಗಳದ್ದು. ಅವು ಮಾಡಿಟ್ಟ ಪೋಷಕಾಂಶ ದಕ್ಕಬೇಕಾದರೆ ಮೊಲ ತನ್ನ ಮೆತ್ತನೆಯ ಹಿಕ್ಕೆಯನ್ನೇ ಮತ್ತೆ ತಿನ್ನಬೇಕು.