ಹಳ್ಳಿಯ ಕತ್ತೆ, ಹಳಿಯ ಕತೆ

ಫಾಂಟ್ ಮಾಡಿಕೊಡಿ ಎಂದು ಬರುವವರು ಮೊದಲ ಭೇಟಿಯಲ್ಲೇ ಕೇಳುತ್ತಾರೆ: "ಇರುವುದು 49 ಅಕ್ಷರ ತಾನೇ, ಇಷ್ಟು ತಿಂಗಳು ಏಕೆ?" ಇದಕ್ಕೆ ಉತ್ತರ ಸುಲಭ. 34 ವ್ಯಂಜನಗಳಿಗೆ ಕಾಗುಣಿತ ಹಾಕಿ, ಒಂದೊಂದಕ್ಕೂ 34 ಒತ್ತು ಕೊಟ್ಟು ನೋಡಿ ಎನ್ನುತ್ತೇನೆ. ಲೆಕ್ಕ ಹತ್ತು ಸಾವಿರ ದಾಟುವಷ್ಟರಲ್ಲಿ ಅವರೇ ಸುಮ್ಮನಾಗುತ್ತಾರೆ. ನನ್ನ ತಾಳ್ಮೆ ಕೆಡಿಸುವ ಮಾತು ಬರುವುದು ಕೆಲಸ ಮುಗಿಯುವ ಹೊತ್ತಿಗೆ: "ಒತ್ತಕ್ಷರ ತುಂಬ ಕೆಳಗೆ ಹೋಗಿದೆ. ಸ್ವಲ್ಪ ಮೇಲಕ್ಕೆ ತಳ್ಳಿ, ಇಂಗ್ಲಿಷಿನ ಎತ್ತರಕ್ಕೆ ಸರಿಹೋಗಲಿ."

ಮಕ್ಕಳ ಕತೆಗಳ ಆ್ಯಪ್ ಒಂದಕ್ಕೆ ಅಕ್ಷರ ಬರೆದುಕೊಟ್ಟಿದ್ದೆ. ಪ್ರತಿ ಕತೆಗೂ ಒಂದು ಬಣ್ಣದ ಪಟ್ಟಿ, ಅದರ ಮೇಲೆ ಶೀರ್ಷಿಕೆ. ಪಟ್ಟಿಯ ಎತ್ತರವನ್ನು ಇಂಗ್ಲಿಷ್ ಶೀರ್ಷಿಕೆಗಳಿಗೆ ತಕ್ಕಂತೆ ಮೊದಲೇ ಗೊತ್ತು ಮಾಡಿಯಾಗಿತ್ತು. ಕನ್ನಡಕ್ಕೆ ಆ ಎತ್ತರ ಸಾಲದು ಎಂದು ಎರಡು ಸಲ ಬರೆದು ತಿಳಿಸಿದ್ದೆ. ಆ್ಯಪ್ ಹೊರಬಂದ ಮೇಲೆ ಸಂಪಾದಕಿ ಕರೆ ಮಾಡಿದರು. 'ಹಳ್ಳಿಯ ಕತ್ತೆ' ಎಂಬ ಕತೆಯನ್ನು ಮಗುವೊಂದು 'ಹಳಿಯ ಕತೆ' ಎಂದು ಓದಿಕೊಂಡು, ಇದರಲ್ಲಿ ರೈಲು ಎಲ್ಲಿದೆ ಎಂದು ಹುಡುಕುತ್ತಿತ್ತಂತೆ. ಪಟ್ಟಿಯ ಅಂಚು ಎರಡು ಒತ್ತುಗಳನ್ನೂ ಕತ್ತರಿಸಿ ಹಾಕಿತ್ತು. ಮಗು ತಪ್ಪು ಓದಿರಲಿಲ್ಲ. ಕಂಡದ್ದನ್ನೇ ಓದಿತ್ತು.

ಹಾಗಾದರೆ ಒತ್ತನ್ನೇ ಚಿಕ್ಕದು ಮಾಡಿ ಎನ್ನುತ್ತಾರೆ. ಇದನ್ನು ನಾನು ಎಷ್ಟು ಸಲ ವಿವರಿಸಿದ್ದೇನೋ ಲೆಕ್ಕವಿಲ್ಲ, ಇನ್ನೊಮ್ಮೆ ವಿವರಿಸುತ್ತೇನೆ. 'ಯುದ್ಧ ಗೆದ್ದ' ಎಂದು ಬರೆದು ನೋಡಿ. ಎರಡೂ ಪದಗಳಲ್ಲಿ ದಕಾರದ ಕೆಳಗೊಂದು ಒತ್ತು. ಒಂದು ಮಹಾಪ್ರಾಣ, ಇನ್ನೊಂದು ಅಲ್ಪಪ್ರಾಣ. ಎರಡಕ್ಕೂ ಇರುವ ವ್ಯತ್ಯಾಸ ಬುಡದಲ್ಲಿನ ಒಂದು ಪುಟ್ಟ ಸೀಳು ಮಾತ್ರ. ಒತ್ತು ಮೊದಲೇ ಮೂಲ ಅಕ್ಷರಕ್ಕಿಂತ ಎಷ್ಟೋ ಚಿಕ್ಕದು. ಅದನ್ನು ಇನ್ನಷ್ಟು ಕುಗ್ಗಿಸಿದರೆ, ಓದುವ ಗಾತ್ರದಲ್ಲಿ ಆ ಸೀಳು ಮುಚ್ಚಿಹೋಗುತ್ತದೆ. ಅಕ್ಷರವನ್ನು ಕಂಪ್ಯೂಟರಿನಲ್ಲಿ ಕುಗ್ಗಿಸಿದರೆ ಅದರ ಗೆರೆಯೂ ಅಷ್ಟೇ ಸಣಕಲಾಗುತ್ತದೆ. ಪಕ್ಕದ ದೊಡ್ಡ ಅಕ್ಷರ ಕಪ್ಪಗೆ, ಒತ್ತು ಮಸುಕಾಗಿ ಕಾಣುತ್ತದೆ. ಅದಕ್ಕಾಗಿ ಒಂದೊಂದು ಒತ್ತನ್ನೂ ಬೇರೆಯಾಗಿ, ಗೆರೆ ದಪ್ಪ ಮಾಡಿ, ಹೊಟ್ಟೆ ಅಗಲಿಸಿ ಬರೆಯುತ್ತೇವೆ. ನನ್ನ ದಿನದ ಬಹುಪಾಲು ಕಳೆಯುವುದು ಅಲ್ಲೇ, ತಲೆಕಟ್ಟಿನ ಸೊಗಸಿನಲ್ಲಲ್ಲ.

ಮೇಲಕ್ಕೆ ತಳ್ಳುವುದಂತೂ ಆಗದ ಮಾತು. 'ವ' ಅಕ್ಷರಕ್ಕೆ ಕೊಂಬು ಕೊಟ್ಟರೆ 'ವು'. ಆ ಕೊಂಬು ಸ್ವಲ್ಪ ಕೆಳಗಿಳಿದು ನಿಂತಿರುವುದರಿಂದಲೇ ಅದು 'ಮ' ಆಗದೆ ಉಳಿದಿದೆ. ಕನ್ನಡದಲ್ಲಿ ಸಾಲಿನ ಕೆಳಗಿನ ಜಾಗ ಅಲಂಕಾರಕ್ಕೆ ಬಿಟ್ಟದ್ದಲ್ಲ, ಅರ್ಥ ಇರುವುದೇ ಅಲ್ಲಿ.

ನನಗೆ ಇದನ್ನು ಕಲಿಸಿದವರು ಮುದ್ರಣಾಲಯದಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದ ಹಿರಿಯರೊಬ್ಬರು. 1843ರ 'ಮಂಗಳೂರ ಸಮಾಚಾರ' ಕಲ್ಲಚ್ಚಿನ ಪತ್ರಿಕೆ, ಎಂದರೆ ಕೈಯಲ್ಲಿ ಬರೆದದ್ದನ್ನು ಕಲ್ಲಿನಿಂದ ಅಚ್ಚು ಹಾಕಿದ್ದು. ಅಲ್ಲಿ ಬರೆಯುವವನ ಕೈ ಹೋದಲ್ಲಿಗೆ ಒತ್ತೂ ಹೋಗಬಹುದಿತ್ತು. ಸೀಸದ ಮೊಳೆಗೆ ನಾಲ್ಕು ಗೋಡೆ. ಹಿರಿಯರು ಒಂದು ಮೊಳೆಯನ್ನು ನನ್ನ ಅಂಗೈಯಲ್ಲಿಟ್ಟು, ಬೆರಳಿನಿಂದ ಅದರ ಅಂಚು ಸವರಲು ಹೇಳಿದ್ದರು. "ನಮಗೆ ಈ ಗೋಡೆ ದಾಟಲು ಆಗಲಿಲ್ಲ. ನಿಮಗೆ ಗೋಡೆಯೇ ಇಲ್ಲ, ನೋಡಿಕೊಂಡು ಮಾಡು ಮಗು" ಎಂದಿದ್ದರು. ಇಂದಿನ ತಂತ್ರಾಂಶಕ್ಕೆ ನಿಜಕ್ಕೂ ಗೋಡೆಯಿಲ್ಲ. ಎಷ್ಟು ಕೆಳಗಿನವರೆಗೆ ಅಕ್ಷರ ಇಳಿಯುತ್ತದೆ ಎಂಬುದನ್ನು ಫಾಂಟಿನೊಳಗೇ ಅಂಕಿಗಳಲ್ಲಿ ಬರೆದಿಟ್ಟಿರುತ್ತೇವೆ. ಪಟ್ಟಿಯ ಎತ್ತರ ಬಿಗಿದು, ಹೊರಗೆ ಚಾಚಿದ್ದನ್ನು ಕತ್ತರಿಸು ಎಂದು ಆಜ್ಞೆ ಕೊಟ್ಟಾಗ ಆ ಗೋಡೆಯನ್ನು ನಾವೇ ಮತ್ತೆ ಕಟ್ಟಿದಂತಾಗುತ್ತದೆ.

ಈ ವೃತ್ತಿಗೆ ನೇರ ದಾರಿಯಿಲ್ಲ ಎಂದು ಕಿರಿಯರಿಗೆ ಹೇಳುತ್ತಿರುತ್ತೇನೆ. ವಿಂಡೋಸ್‌ನ 'ತುಂಗಾ' ಕನ್ನಡ ಫಾಂಟಿನ ಹಿಂದಿದ್ದ ಆರ್. ಕೆ. ಜೋಶಿ ಜಾಹೀರಾತು ಕ್ಷೇತ್ರದಲ್ಲಿ ದುಡಿದು, ಆಮೇಲೆ ಮೇಷ್ಟರಾದವರು. ಇಂಗ್ಲಿಷ್ ಫಾಂಟುಗಳ ವಿನ್ಯಾಸಕ ಮ್ಯಾಥ್ಯೂ ಕಾರ್ಟರ್ ಹದಿಹರೆಯದಲ್ಲಿ ಹಾಲೆಂಡಿನ ಹಾರ್ಲೆಮ್‌ನಲ್ಲಿ ಉಕ್ಕಿನ ಅಚ್ಚು ಕೆತ್ತಲು ಕಲಿತು, ಮುಂದೆ ಕಂಪ್ಯೂಟರ್ ಪರದೆಗಾಗಿ 'ವರ್ಡಾನಾ' ಫಾಂಟ್ ಬರೆದರು. ನಡುವೆ, 1978ರಲ್ಲಿ, ಅಮೆರಿಕದ ಟೆಲಿಫೋನ್ ಡೈರೆಕ್ಟರಿಗೆಂದು 'ಬೆಲ್ ಸೆಂಟೆನಿಯಲ್' ಮಾಡಿದರು. ಅದರ ಅಕ್ಷರಗಳನ್ನು ದೊಡ್ಡದು ಮಾಡಿ ನೋಡಿದರೆ ಮೂಲೆಗಳನ್ನು ಇಲಿ ಕಡಿದಂತಿದೆ. ಅಗ್ಗದ ಕಾಗದದಲ್ಲಿ ಶಾಯಿ ಹರಡಿ ಆ ಕಚ್ಚುಗಳನ್ನು ತುಂಬುತ್ತದೆ, ಸಣ್ಣ ಅಕ್ಷರ ಸ್ಪಷ್ಟವಾಗುತ್ತದೆ. ಗೋಡೆಯಷ್ಟು ದೊಡ್ಡ ಪರದೆಯ ಮೇಲೆ ನನ್ನ ಒತ್ತುಗಳನ್ನು ನೋಡಿ "ಇದು ದಪ್ಪವಾಯಿತಲ್ಲ" ಎನ್ನುವವರಿಗೆ ಈ ಡೈರೆಕ್ಟರಿಯ ಅಕ್ಷರಗಳನ್ನು ತೋರಿಸುತ್ತೇನೆ. ಕೆಲವರಿಗೆ ತಟ್ಟುತ್ತದೆ.

ಸಾಲುಗಳ ನಡುವೆ ಎಷ್ಟು ಜಾಗ ಬೇಕು ಎಂದರೆ ಎಲ್ಲ ಫಾಂಟಿಗೂ ಒಂದೇ ಅಳತೆ ಹೇಳಲಾರೆ. ಓದುವ ಪಠ್ಯಕ್ಕೆ ಅಕ್ಷರದ ಗಾತ್ರದ ಒಂದೂವರೆ ಪಟ್ಟಿನಿಂದ ಆರಂಭಿಸುವುದು ನನ್ನ ರೂಢಿ. ಶೀರ್ಷಿಕೆಗೆ ಕಡಿಮೆ ಸಾಕಾಗಬಹುದು, ಆಗದೆಯೂ ಇರಬಹುದು. ಮೇಲಿನ ಸಾಲಿನಲ್ಲಿ 'ಸ್ವಾತಂತ್ರ್ಯ', 'ವೈಶಿಷ್ಟ್ಯ', ಕೆಳಗಿನ ಸಾಲಿನಲ್ಲಿ ಅವುಗಳ ನೇರಕ್ಕೆ 'ಕಿವಿ', 'ಕೆರೆ' ಬರೆಯಿರಿ. ಮೇಲಿನ ಒತ್ತು ಕೆಳಗಿನ ಗುಡಿಸಿಗೆ ತಾಗಿದರೆ ಜಾಗ ಸಾಲದು ಎಂದೇ ಅರ್ಥ. 'ನಮನ', 'ಕಮಲ' ಬರೆದು ಪರೀಕ್ಷೆ ಮುಗಿಸಬೇಡಿ, ದಯವಿಟ್ಟು.

ಆ ಮಕ್ಕಳ ಆ್ಯಪ್‌ನ ಪಟ್ಟಿಗಳನ್ನು ಕೊನೆಗೆ ಎತ್ತರಿಸಿದರು. ಒಂದು ವಾರ ಬಿಟ್ಟು ಸಂಪಾದಕಿ ಮತ್ತೆ ಕರೆ ಮಾಡಿ, "ಸರ್, ಈಗ ಇಂಗ್ಲಿಷ್ ಶೀರ್ಷಿಕೆಗಳ ಕೆಳಗೆ ಜಾಗ ಖಾಲಿ ಉಳಿದ ಹಾಗೆ ಕಾಣುತ್ತಿದೆ ಎಂದು ನಮ್ಮವರು ಹೇಳುತ್ತಿದ್ದಾರೆ" ಎಂದರು.

"ಉಳಿಯಲಿ ಬಿಡಿ ಮೇಡಂ" ಎಂದೆ.

ಈಗಲೂ ಹಾಗೇ ಇದೆ.