ದುಬೈಯಲ್ಲಿ ಕೂತವನನ್ನು ನಮ್ಮ ಪೊಲೀಸರು ಎತ್ತಿಕೊಂಡು ಬರೋಕಾಗಲ್ವಾ?

ಪ್ರಶ್ನೆ: ನಮ್ಮದು ಚಿಂತಾಮಣಿ ಹತ್ತಿರದ ಹಳ್ಳಿ. ಇಲ್ಲಿ ಚೀಟಿ ನಡೆಸುತ್ತಿದ್ದವನೊಬ್ಬ ಇಪ್ಪತ್ತು ಮನೆಯವರ ದುಡ್ಡು ಎತ್ತಿಕೊಂಡು ದುಬೈಗೆ ಹೋಗಿಬಿಟ್ಟ. ಎಲ್ಲಿದ್ದಾನೆ ಅಂತ ಗೊತ್ತು, ದಿನಾ ವಾಟ್ಸಾಪ್ ಸ್ಟೇಟಸ್ ಬೇರೆ ಹಾಕುತ್ತಾನೆ. ಪೊಲೀಸರು ಹೋಗಿ ಹಿಡ್ಕೊಂಡು ಬರೋಕೆ ಏನು ಅಡ್ಡಿ? ಸಾಕ್ಷಿ ಹೇಳೋಕೆ ನಾವೂ ಪಾಸ್‌ಪೋರ್ಟ್ ಮಾಡಿಸಬೇಕಾ?

ಉತ್ತರ: ದೇವನಹಳ್ಳಿಯಲ್ಲಿ ವಿಮಾನ ಹತ್ತಿದರೆ ನಾಲ್ಕು ಗಂಟೆಯಲ್ಲಿ ದುಬೈ. ಅದಕ್ಕೇ ಇದು ಪಕ್ಕದೂರಿನ ವಿಷಯ ಅನ್ನಿಸುತ್ತದೆ. ಆದರೆ ವಿಮಾನ ಇಳಿದ ಕೂಡಲೇ ನಮ್ಮ ಸಬ್‌ಇನ್‌ಸ್ಪೆಕ್ಟರ್ ಸಾಹೇಬರೂ ಒಬ್ಬ ಟೂರಿಸ್ಟ್ ಅಷ್ಟೇ. ನಂದಿಬೆಟ್ಟ ನೋಡಲು ಬಂದ ವಿದೇಶಿಯವನಿಗೆ ನಮ್ಮೂರಲ್ಲಿ ಒಬ್ಬನನ್ನು ಅರೆಸ್ಟ್ ಮಾಡುವ ಅಧಿಕಾರ ಎಷ್ಟಿದೆಯೋ, ಇವರಿಗೆ ಅಲ್ಲಿ ಅಷ್ಟೇ ಇರುವುದು. ಹಿಡಿಯಬೇಕಾದವರು ಅಲ್ಲಿನ ಪೊಲೀಸರು, ಒಪ್ಪಿಸಬೇಕಾದದ್ದು ಅಲ್ಲಿನ ಸರ್ಕಾರ. ನಾವು ಕೇಳಿಕೊಳ್ಳಬಹುದು.

ಹೀಗೆ ಕೇಳಿ ಪಡೆಯುವುದಕ್ಕೆ ಹಸ್ತಾಂತರ ಅನ್ನುತ್ತಾರೆ. ಪೇಪರಿನಲ್ಲಿ ಇದಕ್ಕೂ 'ಗಡಿಪಾರು' ಅಂತಲೇ ಬರೆಯುತ್ತಾರೆ, ಗೊಂದಲ ಶುರುವಾಗುವುದೇ ಅಲ್ಲಿ. ರೌಡಿಯನ್ನು ಕೋಲಾರ ಜಿಲ್ಲೆಯಿಂದ ಆಚೆ ಕಳಿಸಿದರೂ ಗಡಿಪಾರು, ವೀಸಾ ಮುಗಿದವನನ್ನು ಅವನ ದೇಶಕ್ಕೆ ಅಟ್ಟಿದರೂ ಗಡಿಪಾರು, ಮಲ್ಯರನ್ನು ಲಂಡನ್ನಿನಿಂದ ಕರೆತರುವುದೂ ಗಡಿಪಾರು! ಮೂರಕ್ಕೂ ಕಾನೂನು ಬೇರೆ ಬೇರೆ. ಹಸ್ತಾಂತರಕ್ಕೆ ನಮ್ಮಲ್ಲಿರುವುದು 1962ರ ಕಾಯ್ದೆ, ಜೊತೆಗೆ ಆಯಾ ದೇಶದೊಂದಿಗೆ ಮಾಡಿಕೊಂಡ ಒಪ್ಪಂದ. ದುಬೈ ಇರುವ ದೇಶ ಯುಎಇ, ಅದರ ಜೊತೆ 1999ರಲ್ಲೇ ಒಪ್ಪಂದ ಆಗಿದೆ. ಹಾಗಾಗಿ ನಿಮ್ಮ ಕೇಸಿನಲ್ಲಿ ದಾರಿಯೇನೋ ಇದೆ.

ಆ ದಾರಿ ಶುರುವಾಗುವುದು ನಿಮ್ಮ ತಾಲ್ಲೂಕಿನ ಠಾಣೆಯಿಂದ. ಎಫ್‌ಐಆರ್ ಆಗಬೇಕು, ತನಿಖೆ ಆಗಬೇಕು, ಕೋರ್ಟಿನಿಂದ ವಾರಂಟ್ ಹೊರಡಬೇಕು. ಆಮೇಲೆ ಫೈಲು ಎಸ್‌ಪಿ ಕಚೇರಿ, ರಾಜ್ಯದ ಗೃಹ ಇಲಾಖೆ ದಾಟಿ ದೆಹಲಿಗೆ ಹೋಗುತ್ತದೆ. ವಿದೇಶಾಂಗ ಸಚಿವಾಲಯ ಒಪ್ಪಿದರೆ ಮಾತ್ರ ರಾಯಭಾರ ಕಚೇರಿಯ ಮೂಲಕ ಆ ದೇಶಕ್ಕೆ. ಕಾಗದಗಳನ್ನು ಅಲ್ಲಿನ ಭಾಷೆಗೂ ಅನುವಾದ ಮಾಡಿಸಬೇಕು. ನಿಮ್ಮ ದೂರು ಕನ್ನಡದಿಂದ ಇಂಗ್ಲಿಷಿಗೆ, ಇಂಗ್ಲಿಷಿನಿಂದ ಅರಬ್ಬಿಗೆ. 'ನಾನು ಚೀಟಿ ಕೂಗಿದೆ, ದುಡ್ಡು ಕೊಡಲಿಲ್ಲ' ಅಂತ ಬರೆದಿದ್ದರೆ ಪದಕ್ಕೆ ಪದ ಹಾಕುವ ಅನುವಾದಕ ಏನು ಮಾಡಿಯಾನು? ಕಾಗದದ ಚೂರೊಂದನ್ನು ಹಿಡಿದು ಕಿರುಚಿದೆ ಅಂತ ಮಾಡಿಯಾನು. ತಮಾಷೆಗೆ ಹೇಳಿದೆ, ಆದರೆ ಅಲ್ಲಿನವರಿಗೆ ನಮ್ಮ ಚೀಟಿ ಅಂದರೇನು ಅಂತ ಗೊತ್ತಿರುವುದಿಲ್ಲ ಅನ್ನುವುದು ನಿಜ. ತಿಂಗಳಿಗೆ ಎಷ್ಟು ಕಟ್ಟಿದಿರಿ, ಏನು ಹೇಳಿ ಕಟ್ಟಿಸಿಕೊಂಡ, ಯಾವತ್ತು ಕೊಡಬೇಕಿತ್ತು, ಎಲ್ಲವೂ ದೂರಿನಲ್ಲಿ ಬಿಡಿಸಿ ಬರೆದಿರಬೇಕು.

ಯಾಕೆಂದರೆ ಅಲ್ಲಿ ನೋಡುವ ಮೊದಲ ವಿಷಯ, ಇದು ಎರಡೂ ದೇಶಗಳಲ್ಲಿ ಅಪರಾಧವೇ ಅಂತ. ಹೆಸರು ಒಂದೇ ಇರಬೇಕಿಲ್ಲ, ಮಾಡಿದ ಕೆಲಸ ಎರಡೂ ಕಡೆ ತಪ್ಪಾಗಿರಬೇಕು. ವಂಚನೆ ಎಲ್ಲ ಕಡೆಯೂ ಅಪರಾಧ. ಕೈಸಾಲ ತೀರಿಸದೆ ಇರುವುದು ಹಾಗಲ್ಲ, ಅದು ಸಿವಿಲ್ ವ್ಯಾಜ್ಯ. ಚೆಕ್ ಬೌನ್ಸ್ ಕೇಸೊಂದನ್ನೇ ನಂಬಿಕೊಂಡರೂ ಕಷ್ಟ. ನಮ್ಮಲ್ಲಿ ಅದಕ್ಕೆ ಎರಡು ವರ್ಷದವರೆಗೆ ಜೈಲು ಇದೆ, ಯುಎಇ ಮಾತ್ರ ಖಾತೆಯಲ್ಲಿ ದುಡ್ಡಿಲ್ಲದೆ ಚೆಕ್ ವಾಪಸ್ಸಾಗುವುದನ್ನು 2022ರಿಂದ ಬಹುಮಟ್ಟಿಗೆ ಅಪರಾಧದ ಪಟ್ಟಿಯಿಂದಲೇ ಕೈಬಿಟ್ಟಿದೆ. 'ಕೊಡ್ತೀನಿ ಅಂದವನು ಕೊಡಲಿಲ್ಲ' ಅಂತ ಒಂದೇ ಸಾಲಿನ ದೂರು ಬರೆದುಕೊಟ್ಟು ಬಂದರೆ ಅವನ ವಕೀಲರಿಗೆ ನೀವೇ ಸಹಾಯ ಮಾಡಿದ ಹಾಗೆ. ಮೋಸ ಮಾಡುವ ಉದ್ದೇಶ ಮೊದಲಿಂದಲೇ ಇತ್ತು ಅನ್ನುವುದು ಕಾಣಬೇಕು. ಊರು ಬಿಡುವ ತಿಂಗಳು ಹೊಸ ಚೀಟಿ ಶುರು ಮಾಡಿದ್ದನಾ? ಅದನ್ನು ಬರೆಸಿ.

ಎಷ್ಟು ದಿನ ಆಗಬಹುದು? ವಿಜಯ್ ಮಲ್ಯ ದೇಶ ಬಿಟ್ಟಿದ್ದು 2016ರ ಮಾರ್ಚ್‌ನಲ್ಲಿ. ಲಂಡನ್ನಿನ ಕೋರ್ಟು 2018ರ ಡಿಸೆಂಬರ್‌ನಲ್ಲೇ ಕಳಿಸಬಹುದು ಅಂದಿತು, 2019ರ ಫೆಬ್ರವರಿಯಲ್ಲಿ ಅಲ್ಲಿನ ಗೃಹ ಸಚಿವರು ಸಹಿ ಹಾಕಿದರು, 2020ರಲ್ಲಿ ಮೇಲ್ಮನವಿಯೂ ಬಿದ್ದುಹೋಯಿತು. ಆಮೇಲೂ ಅವರು ಬರಲಿಲ್ಲ. ಆ ಕೇಸಿನಲ್ಲಿ ಮುಂಬೈಯ ಆರ್ಥರ್ ರೋಡ್ ಜೈಲಿನ 12ನೇ ಬ್ಯಾರಕ್ಕಿನ ವೀಡಿಯೊ ಮಾಡಿ ಕೋರ್ಟಿಗೆ ತೋರಿಸಬೇಕಾಯಿತು. ಗಾಳಿ ಬೆಳಕು ಬರುತ್ತಾ, ಕಕ್ಕಸು ಹೇಗಿದೆ ಅಂತ! ಓದಿದಾಗ ನನಗೂ ಸಿಟ್ಟು ಬಂದಿತ್ತು. ಆದರೆ ನಾಳೆ ನಮ್ಮ ಹುಡುಗನೊಬ್ಬನನ್ನು ಬೇರೆ ದೇಶ ಕೇಳಿದರೆ ನಮ್ಮ ಕೋರ್ಟೂ ಕಾಗದ ನೋಡದೆ ಕಳಿಸಬಾರದು, ಅಲ್ವಾ?

ಎಲ್ಲವೂ ಮಲ್ಯ ಕೇಸಿನ ಹಾಗೆ ಎಳೆಯುವುದಿಲ್ಲ. ಭೂಗತ ಪಾತಕಿ ರವಿ ಪೂಜಾರಿ 2019ರ ಜನವರಿಯಲ್ಲಿ ಆಫ್ರಿಕಾದ ಸೆನೆಗಲ್‌ನಲ್ಲಿ ಸಿಕ್ಕಿಬಿದ್ದ. ಕೈಯಲ್ಲಿದ್ದದ್ದು ಬೇರೆ ಹೆಸರಿನ, ಬುರ್ಕಿನಾ ಫಾಸೊ ದೇಶದ ಪಾಸ್‌ಪೋರ್ಟ್. 2020ರ ಫೆಬ್ರವರಿಗೆಲ್ಲ ಬೆಂಗಳೂರಿಗೆ ತಂದರು.

ಕರೆತರುವಾಗ ಕೊಟ್ಟ ಮಾತಿಗೂ ಕಟ್ಟುಬೀಳಬೇಕು. ಮುಂಬೈ ಸ್ಫೋಟದ ಕೇಸಿನ ಅಬು ಸಲೇಂನನ್ನು 2005ರಲ್ಲಿ ಪೋರ್ಚುಗಲ್ ಒಪ್ಪಿಸಿತು. ಗಲ್ಲಿಗೆ ಹಾಕುವುದಿಲ್ಲ, 25 ವರ್ಷಕ್ಕಿಂತ ಜಾಸ್ತಿ ಜೈಲಿನಲ್ಲಿ ಇಡುವುದಿಲ್ಲ ಅಂತ ನಮ್ಮ ಸರ್ಕಾರ ಬರೆದುಕೊಟ್ಟಿತ್ತು. 2022ರಲ್ಲಿ ಸುಪ್ರೀಂ ಕೋರ್ಟು ಆ ಮಾತನ್ನು ಸರ್ಕಾರ ನಡೆಸಲೇಬೇಕು ಅಂದಿತು. ಯಾವ ಕೇಸಿಗೆ ಅಂತ ಕೇಳಿ ತಂದೆವೋ ಅದನ್ನು ಬಿಟ್ಟು ಹಳೆಯ ಬೇರೆ ಕೇಸಿನಲ್ಲಿ ಸುಮ್ನೆ ವಿಚಾರಣೆ ನಡೆಸುವ ಹಾಗೂ ಇಲ್ಲ. ಅದಕ್ಕೇ ಇಪ್ಪತ್ತು ಮನೆಯವರ ದೂರೂ ಮೊದಲೇ ಫೈಲಿನಲ್ಲಿ ಇರಬೇಕು. 'ಅವರು ಕೊಟ್ಟಿದ್ದಾರಲ್ಲ ಬಿಡು' ಅಂತ ಕೂರಬೇಡಿ.

ರೆಡ್ ಕಾರ್ನರ್ ನೋಟಿಸ್ ಬಗ್ಗೆಯೂ ಒಂದು ಮಾತು. ಅದು ಪ್ರಪಂಚಕ್ಕೆಲ್ಲ ಅನ್ವಯಿಸುವ ವಾರಂಟ್ ಅಲ್ಲ. 'ಇವನು ನಮಗೆ ಬೇಕಾದವನು, ಸಿಕ್ಕರೆ ಹಿಡಿದಿಡಿ' ಅಂತ ಇಂಟರ್‌ಪೋಲ್ ಅನ್ನುವ, ಹಲವು ದೇಶಗಳ ಪೊಲೀಸರ ಸಂಸ್ಥೆಯ ಮೂಲಕ ಮಾಡುವ ಮನವಿ. ನಮ್ಮ ಪರವಾಗಿ ಅದನ್ನು ಕೇಳುವುದು ಸಿಬಿಐ. ಹಿಡಿಯಬೇಕೋ ಬೇಡವೋ ಅನ್ನುವುದು ಆಯಾ ದೇಶದ ಕಾನೂನಿಗೆ ಬಿಟ್ಟದ್ದು.

ಇದಕ್ಕಿಂತ ಹತ್ತಿರದ ದಾರಿ ಒಂದಿದೆ. ಕೇಸು ಕೋರ್ಟಿನಲ್ಲಿದ್ದರೆ ಅಥವಾ ವಾರಂಟ್ ಇದ್ದರೆ ಅವನ ಪಾಸ್‌ಪೋರ್ಟನ್ನು ಮುಟ್ಟುಗೋಲು ಹಾಕಿಕೊಳ್ಳಲು, ರದ್ದು ಮಾಡಲು ಕಾನೂನಿನಲ್ಲಿ ಅವಕಾಶ ಇದೆ. ಪಾಸ್‌ಪೋರ್ಟೇ ಇಲ್ಲದವನು ಅಲ್ಲಿ ಎಷ್ಟು ದಿನ ವೀಸಾ ನವೀಕರಿಸಿಕೊಂಡು ಇರುತ್ತಾನೆ? ಆಗ ಆ ದೇಶವೇ ಹೊರಗೆ ಕಳಿಸಬಹುದು. ಮುಂಬೈಯ ಭೂಗತ ಪಾತಕಿ ಛೋಟಾ ರಾಜನ್ 2015ರಲ್ಲಿ ಇಂಡೋನೇಷ್ಯಾದಿಂದ ಬಂದದ್ದು ಇಂಥ ದಾರಿಯಲ್ಲೇ, ಸಿಕ್ಕಿಬಿದ್ದ ಎರಡು ವಾರದೊಳಗೆ. ತನಿಖಾಧಿಕಾರಿಯ ಹತ್ತಿರ ಇದನ್ನು ಕೇಳಿ ನೋಡಿ.

ಇನ್ನು ದುಡ್ಡು. ಅವನು ಬಂದ ಮಾತ್ರಕ್ಕೆ ದುಡ್ಡು ಬರುವುದಿಲ್ಲ. ಊರಿನಲ್ಲಿ ಅವನ ಸೈಟೋ ಜಮೀನೋ ಇದ್ದರೆ ಅದನ್ನು ಯಾರಿಗೂ ಮಾರದ ಹಾಗೆ ಕೋರ್ಟಿನಿಂದ ತಡೆ ತರುವ ಬಗ್ಗೆ ವಕೀಲರನ್ನು ಈಗಲೇ ಕೇಳಿ. ದುಬೈ ಫೈಲಿಗೆ ಕಾಯಬೇಡಿ.

ಸಾಕ್ಷಿ ಹೇಳಲು ನಿಮಗೆ ಪಾಸ್‌ಪೋರ್ಟ್ ಬೇಡ. ಅಲ್ಲಿ ನಡೆಯುವುದು ಒಪ್ಪಿಸಬೇಕೋ ಬೇಡವೋ ಅನ್ನುವ ವಿಚಾರಣೆ, ನಮ್ಮಿಂದ ಹೋದ ಕಾಗದದ ಮೇಲೆ. ಅವನು ತಪ್ಪು ಮಾಡಿದನೋ ಇಲ್ಲವೋ ತೀರ್ಮಾನವಾಗುವುದು ಇಲ್ಲಿಯ ಕೋರ್ಟಿನಲ್ಲೇ. ನೀವು ಈ ಕೋರ್ಟಿಗೆ ಬಸ್ಸಿನಲ್ಲಿ ಹೋದರೆ ಸಾಕು. ಚೀಟಿ ಪುಸ್ತಕ ಮಾತ್ರ ಮರೆಯದೆ ತೆಗೆದುಕೊಂಡು ಹೋಗಿ.